ಬೋಟಿನ ಜಾಯಿಂಟಿಗೆ ಟೇಪ್ ಸುತ್ತಿ ಸುತ್ತಿ ಸೋತ ಮೇಲೆ ಕಲಿತದ್ದು

ಗಂಗೊಳ್ಳಿ ಬಂದರಲ್ಲಿ ನಮ್ಮ ಮಾವಂದು ಒಂದು ಬೋಟುಂಟು, ನಾನು ಐಟಿಐ ಮಾಡಿದವ ಅಂತ ಅದರ ವಯರಿಂಗ್ ಕೆಲಸ ಎಂತ ಬಂದ್ರೂ ನನ್ನ ತಲೆಗೇ. ಮನೆ ವಯರಿಂಗ್ ಮಾಡಿ ಅಭ್ಯಾಸ ಇದ್ದವನಿಗೆ ಇದೇನು ಮಹಾ ಅಂತ ಮೊದಮೊದಲು ತಾಮ್ರದ ತಂತಿ ಎರಡನ್ನೂ ತಿರುವಿ ಮೇಲಿಂದ ಕಪ್ಪು ಟೇಪು ದಪ್ಪಕ್ಕೆ ಸುತ್ತಿ ಬಿಡ್ತಿದ್ದೆ. ಒಂದು ಸೀಸನ್ ಸರಿಯಾಗೇ ಇತ್ತು.

ಆಮೇಲೆ ಬಿಲ್ಜ್ ಪಂಪು, ಅಂದ್ರೆ ಬೋಟಿನ ತಳದಲ್ಲಿ (ಬಿಲ್ಜಲ್ಲಿ) ಸೇರುವ ನೀರು ಎತ್ತುವ ಪಂಪು, ಕೈಕೊಡ್ಲಿಕ್ಕೆ ಶುರು ಆಯ್ತು. ಫ್ಯಾನ್ ತಿರುಗಿಸುವ ಶಾಫ್ಟ್ ಬೋಟಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಬಿಗಿ, ಅದೇ ಗ್ಲ್ಯಾಂಡಿಂದ ಹನಿ ಹನಿ ನೀರು ಬರೋದು ಇದ್ದದ್ದೇ, ಅದನ್ನು ಪಂಪು ಹೊರಗೆ ಹಾಕ್ಬೇಕು, ಆದ್ರೆ ಪಂಪು ತಿರುಗ್ತಿತ್ತೇ ಹೊರತು ನೀರು ಎಳೀತಿರಲಿಲ್ಲ, ಕಲಾಸಿಗಳು (ಬೋಟಿನ ಕೆಲಸದವರು) ರಾತ್ರಿ ಎದ್ದು ಬಕೆಟಲ್ಲಿ ಎತ್ತಿ ಚೆಲ್ಲಬೇಕಾಯ್ತು. ಬೋಟು ನಡೆಸುವ ತಂಡೇಲರು ದಡಕ್ಕೆ ಬಂದವರೇ "ಪಂಪ್ ಬದಲ್ಸ್ ಮರಾಯ, ಇದ್ ಸತ್ತೋಯ್ತ್" ಅಂದ್ರು. ನಾನು ವಯರು ಬಿಚ್ಚಿ ಮಲ್ಟಿಮೀಟರ್ ಇಟ್ರೆ 12.5 ವೋಲ್ಟ್ ತೋರಿಸ್ತು, ಕರೆಂಟು ಸರಿ ಉಂಟಲ್ಲ ಅಂತ ಹೊಸ ಪಂಪೇ ತಂದು ಹಾಕಿದೆ. ಅದೂ ಹಾಗೇ! ಅರ್ಧ ದಿನ ತಲೆ ಕೆಡಿಸ್ಕೊಂಡ ಮೇಲೆ ಹೊಳೀತು, ಪಂಪು ಓಡ್ತಿರುವಾಗಲೇ ಅಳೀಬೇಕಿತ್ತು, ಕರೆಂಟು ಹರಿಯುವಾಗ ಮಾತ್ರ ದಾರೀಲಿ ವೋಲ್ಟು ಬೀಳೋದು ಕಾಣುದು. ಓಡಿಸಿ ನೋಡಿದ್ರೆ ಬ್ಯಾಟರಿ ಹತ್ರ 12.6, ಪಂಪಿನ ಹತ್ರ ಬರೀ 10.1. ಪಂಪು ಎಳೀತಿದ್ದದ್ದು 5 ಆಂಪಿಯರ್, ಎರಡೂವರೆ ವೋಲ್ಟು ದಾರೀಲೇ ಹೋಗ್ತಿದೆ ಅಂದ್ರೆ ಮಧ್ಯದಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಕೂತಿದೆ, ಆ ಒಂದು ಜಾಯಿಂಟಲ್ಲೇ ಹನ್ನೆರಡು ವಾಟಿನಷ್ಟು ಬಿಸಿ. ಕೈ ಇಟ್ರೆ ಟೇಪು ಮೆತ್ತಗಾಗಿತ್ತು.

ಕೊಯ್ದು ನೋಡಿದೆ. ಟೇಪಿನ ಅಂಟು ಕಂದು ಬಣ್ಣದ ಪಾಕದ ಹಾಗಾಗಿತ್ತು, ಒಳಗೆ ಹಸಿರು ಕಿಲುಬು ಪುಡಿ, ಅದರ ನಡುವೆ ಒಂದು ಹನಿ ನೀರು ಆರಾಮಾಗಿ ಕೂತಿತ್ತು. ನೀರು ಬಾರದ ಹಾಗೆ ನಾನು ಸುತ್ತಿದ ಟೇಪು ಬಂದ ನೀರನ್ನು ಹೊರಗೆ ಬಿಡದ ಹಾಗೆ ನೋಡ್ಕೊಂಡಿತ್ತು! ಒಂದಿಂಚು ಕತ್ತರಿಸಿ ಹೊಸದಾಗಿ ಕಟ್ಟುವ ಅಂತ ಸಿಪ್ಪೆ ಸುಲಿದ್ರೆ ಒಳಗಿನ ತಾಮ್ರ ಕಪ್ಪು, ಇನ್ನೊಂದಿಂಚು ಕಪ್ಪು, ಹೀಗೇ ಹೆಚ್ಚು ಕಮ್ಮಿ ಒಂದು ಗೇಣು ಹೋದ ಮೇಲೆ ಹೊಳೆಯುವ ತಾಮ್ರ ಸಿಕ್ತು. ಎಳೆ ಎಳೆ ತಂತಿ ಅಲ್ವಾ, ಬತ್ತಿ ಎಣ್ಣೆ ಎಳೆದ ಹಾಗೆ ಉಪ್ಪುನೀರನ್ನು ಸಿಪ್ಪೆಯ ಒಳಗೇ ಎಳ್ಕೊಂಡು ಹೋಗ್ತದೆ. ಕಪ್ಪಾದ ತಾಮ್ರಕ್ಕೆ ಎಂಥ ಒಳ್ಳೆ ಜಾಯಿಂಟ್ ಹಾಕಿದ್ರೂ ದಂಡ.

ಮೀನುಗಾರಿಕೆ ರಜೆ ಜೂನ್ 1ರಿಂದ ಜುಲೈ 31ರ ತನಕ 61 ದಿನ, ಆ ಮಳೆಗಾಲದಲ್ಲಿ ಪೂರಾ ಬಿಚ್ಚಿ ಹಾಕಿದೆ. ಮೊದಲು ಮಾಡಿದ್ದು ಬ್ಯಾಟರಿ ತಪ್ಪಿಸಿ ಎಲ್ಲ ಜಾಯಿಂಟು, ಬಾಕ್ಸು ಸಿಹಿನೀರಲ್ಲಿ ತೊಳೆದದ್ದು. ಮಾವ "ಕರೆಂಟಿನ ಸಾಮಾನಿಗೆ ನೀರು ಹಾಕ್ತೀಯಲ್ಲಾ, ತಲೆ ಸರಿ ಉಂಟಾ" ಅಂತ ಬೈದ್ರು. ಆದ್ರೆ ಜೋರು ಮಳೆಯ ಆಟಿ ತಿಂಗಳಲ್ಲಿ ಉಪ್ಪಿನ ಭರಣಿ ಮುಚ್ಚಿಟ್ರೂ ನೀರಾಗ್ತದಲ್ಲ, ವಯರಿನ ಮೇಲೆ ಕೂತ ಉಪ್ಪೂ ಹಾಗೇ, ಗಾಳಿಯ ಪಸೆ ಎಳ್ಕೊಂಡು ಒದ್ದೆಯಾಗ್ತಾನೇ ಇರ್ತದೆ, ಅದನ್ನು ತೊಳೀದೆ ಮೇಲಿಂದ ಮುಚ್ಚಿದ್ರೆ ಒಳಗೆ ತಿನ್ನೋದು ನಿಲ್ಲುದಿಲ್ಲ. ತೊಳೆದು ಎರಡು ದಿನ ಫ್ಯಾನ್ ಹಾಕಿ ಒಣಗಿಸಿದೆ.

ಪಂಪಿಗೂ ಮಾಸ್ಟ್ (ಬೋಟಿನ ಕಂಬ) ಲೈಟಿಗೂ ತವರದ ಲೇಪ ಇರುವ ವಯರು ತರಿಸಿದೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಪ್ರತಿ ಎಳೆಗೂ ಲೇಪ. ರೇಟು ಜಾಸ್ತಿ, ಹಾಗಾಗಿ ಕ್ಯಾಬಿನ್ ಒಳಗೆ ಮಾಮೂಲಿ ವಯರೇ. ಜಾಯಿಂಟಿಗೆ ಬೆಸುಗೆ ಹಾಕುದು ಒಳ್ಳೇದು ಅಂತ ಕೆಲವರು ಹೇಳ್ತಾರೆ, ನಾನೂ ಹಾಕಿ ನೋಡಿದ್ದೆ, ಸೀಸ ಹರಿದಲ್ಲಿ ವಯರು ಕಡ್ಡಿ ಆಗ್ತದೆ, ಎಂಜಿನ್ ಅದುರಿ ಅದುರಿ ಸರಿಯಾಗಿ ಆ ಸೀಸ ಮುಗಿಯುವ ಜಾಗದಲ್ಲೇ ತುಂಡಾಯ್ತು. ಈಗ ಬರೀ ಕ್ರಿಂಪಿಂಗ್, ಅಂದ್ರೆ ಲೋಹದ ಕೊಳವೆಯೊಳಗೆ ತಂತಿ ತೂರಿಸಿ ಒತ್ತಿ ಹಿಡಿಸುದು, ಅದೂ ಇಕ್ಕಳದಲ್ಲಿ ಜಜ್ಜುದಲ್ಲ, ಪೂರ್ತಿ ಒತ್ತುವ ತನಕ ಬಿಡದ ರ‍್ಯಾಚೆಟ್ ಟೂಲಲ್ಲಿ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡುದು, ಬಂದ್ರೆ ಬರ್ಲಿ, ಕಡಲಲ್ಲಿ ಬರುದಕ್ಕಿಂತ ದಡದಲ್ಲೇ ಬರ್ಲಿ.

ಮೇಲಿಂದ ಹೀಟ್ ಶ್ರಿಂಕ್ ಸ್ಲೀವ್, ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ, ಒಳಗೆ ಅಂಟು ಇರುವಂಥದ್ದು. ಬಿಸಿ ಮಾಡಿದಾಗ ಎರಡು ತುದಿಯಿಂದಲೂ ಅಂಟು ಸುತ್ತಲೂ ಉಂಗುರದ ಹಾಗೆ ಹೊರಗೆ ಇಣುಕಬೇಕು, ಒಂದು ಕಡೆ ಇಣುಕದಿದ್ರೂ ನಾನು ಕೊಯ್ದು ಮತ್ತೆ ಹಾಕ್ತೇನೆ. ಲೈಟರಲ್ಲಿ ಮಾಡಿದ್ರೆ ಒಂದು ಬದಿ ಸುಟ್ಟು ಇನ್ನೊಂದು ಬದಿ ಹಾಗೇ ಇರ್ತದೆ, ಹಾಟ್ ಏರ್ ಗನ್ ಬೇಕು. ಎಂಜಿನ್ ರೂಮಲ್ಲಾದ್ರೆ ಮೊದಲು ಹ್ಯಾಚ್ ತೆಗೆದಿಟ್ಟು ಗಾಳಿ ಆಡ್ಲಿಕ್ಕೆ ಬಿಡಿ, ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಗ್ಯಾಸಿಗೆ ಒಂದು ಕಿಡಿ ಸಾಕು.

ಸಿಲಿಕೋನ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಸಿಡ್ ಬಿಡ್ತದೆ, ಟರ್ಮಿನಲಿಗೆ ಮೆತ್ತಿದ್ರೆ ನಾವೇ ಕಿಲುಬು ಹಿಡಿಸಿದ ಹಾಗೆ. ಜಂಕ್ಷನ್ ಬಾಕ್ಸನ್ನು ಸುತ್ತಲೂ ಅದರಲ್ಲೇ ಸೀಲ್ ಮಾಡಿದ್ದೆ, ಹಗಲು ಬಿಸಿಲು ರಾತ್ರಿ ತಂಪು ಅಂತ ಒಳಗೇ ಬೆವರಿ ಚಮಚದಷ್ಟು ನೀರು ನಿಂತಿತ್ತು. ಈಗ ಡೆಕ್ಕಿನ ಕೆಳಗಿನ ಬಾಕ್ಸಿಗೆಲ್ಲ ಅಡಿಯಲ್ಲಿ ಒಂದು ಸಣ್ಣ ತೂತು ಕೊಟ್ಟಿದ್ದೇನೆ, ವಯರನ್ನು ಮೇಲಿಂದ ಇಳಿಸದೆ ಕೆಳಗೆ ಜೋಲಿ ಬಿಟ್ಟು ಅಡಿಯಿಂದ ಹತ್ತಿಸಿದ್ದೇನೆ, ಹರ್ಕೊಂಡು ಬಂದ ನೀರು ಆ ಜೋಲಿಯ ತುದಿಯಲ್ಲೇ ತೊಟ್ಟಿಕ್ಕಿ ಬೀಳ್ತದೆ. ಬ್ಯಾಟರಿ ಟರ್ಮಿನಲಿಗೆ ಅಡುಗೆ ಸೋಡಾ ನೀರಲ್ಲಿ ತಿಕ್ಕಿ, ಗಟ್ಟಿ ಟೈಟ್ ಮಾಡಿದ ಮೇಲೆ ಹೊರಗಿಂದ ಪೆಟ್ರೋಲಿಯಂ ಜೆಲ್ಲಿ. ಪಂಪಿನ ಜಾಯಿಂಟನ್ನಂತೂ ಬಿಲ್ಜಿಂದ ಎತ್ತರಕ್ಕೆ ತಂದು ಕ್ಲಿಪ್ ಹೊಡೆದೆ.

ಎರಡು ಸೀಸನ್ ಆಯ್ತು, ಪಂಪು ಓಡುವಾಗ ಈಗ್ಲೂ 12.2 ಉಂಟು. ಮೊನ್ನೆ ಮಾಸ್ಟಿನ ಬಿಳಿ ಲೈಟು ಮಿಣುಕ್ತಾ ಉಂಟು ಅಂತ ಹತ್ತಿ ನೋಡಿದ್ರೆ, ಅಂಟಿನ ಸ್ಲೀವ್ ಮುಗಿದಿತ್ತು ಅಂತ ಅವತ್ತು ಸಂಜೆ ಗಡಿಬಿಡೀಲಿ ಸಾದಾ ಸ್ಲೀವ್ ಹಾಕಿದ ಅದೊಂದೇ ಜಾಯಿಂಟು, ತುದಿಯಲ್ಲಿ ಹಸಿರು ಕಾಣ್ತಿತ್ತು.