ಮನೆಯ ಉಪ್ಪಿನಕಾಯಿ, ಹಪ್ಪಳ ಪ್ಯಾಕ್ ಮಾಡಿ ಮಾರ್ತೀರಾ? ಮೊದ್ಲು ಲೇಬಲ್ ನೋಡಿ

ನಮ್ಮ ಕಡೆ ಈಗ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು, ಸಿಗಡಿ ಚಟ್ನಿ ಅಂತ ಮನೆಯಲ್ಲೇ ಮಾಡಿ ವಾಟ್ಸಾಪಲ್ಲಿ ಆರ್ಡರ್ ತಗೊಂಡು ಬೆಂಗಳೂರು, ಮುಂಬಯಿಗೆಲ್ಲ ಕಳಿಸುವವರು ತುಂಬ ಜನ ಇದ್ದಾರೆ, ನಾನೂ ಅತ್ತಿಗೆಯೂ ಉಡುಪಿ ಹತ್ರದ ಕಟಪಾಡಿಯಲ್ಲಿ ಅದೇ ಮಾಡುದು. ಮೊದಲ ಸಲ ಅಂಗಡಿಗೆ ಕೊಟ್ಟಾಗ ನಲ್ವತ್ತು ಬಾಟಲಿ ವಾಪಸ್ ಬಂತು, ಎಂಆರ್‌ಪಿ ಇಲ್ಲ, ತಯಾರಿಸಿದ ತಿಂಗಳಿಲ್ಲ ಅಂತ. ತಪ್ಪು ನಮ್ಮದೇ. ಆ ದಿನದಿಂದ ಕಲ್ತದ್ದನ್ನು ಇಲ್ಲಿ ಬರೀತಾ ಇದ್ದೇನೆ, ಹೊಸದಾಗಿ ಶುರು ಮಾಡುವವರಿಗೆ ಉಪಯೋಗ ಆಗ್ಲಿ.

ಮೊದ್ಲು ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ. ಮನೆಯಲ್ಲಿ ಮಾಡುದು, ನಮಗೆಲ್ಲಿ ಬೇಕು ಅಂತ ಹೇಳ್ಬೇಡಿ, ತಿನ್ನುವ ವಸ್ತು ಮಾರುವವರಿಗೆಲ್ಲ ಬೇಕು. ಫಾಸ್ಕೋಸ್ ಅನ್ನುವ ಪೋರ್ಟಲಲ್ಲಿ ಅರ್ಜಿ ಹಾಕುದು, ವರ್ಷದ ವಹಿವಾಟು ನೋಡಿ ಬರೀ ನೋಂದಣಿ ಸಾಕಾ ಲೈಸೆನ್ಸ್ ಬೇಕಾ ಅಂತ ಆಗ್ತದೆ. ಸಿಗುವ 14 ಅಂಕೆಯ ನಂಬರ್ ಪ್ರತಿ ಪ್ಯಾಕೆಟಲ್ಲಿ ಇರ್ಬೇಕು.

ಇನ್ನು ಲೇಬಲ್. ಇಲ್ಲಿ ಎರಡು ಇಲಾಖೆಯ ಕಣ್ಣು ಉಂಟು. ತೂಕ ಮತ್ತು ಅಳತೆ ಇಲಾಖೆಯವರು 2011ರ ಪ್ಯಾಕೇಜ್ ನಿಯಮ ಹಿಡಿದು ನೋಡ್ತಾರೆ: ತಯಾರಕರ ಹೆಸರು ವಿಳಾಸ, ಬಾಟಲಿಯ ತೂಕ ಬಿಟ್ಟು ಒಳಗಿನ ಮಾಲಿನ ನಿವ್ವಳ ತೂಕ, ತೆರಿಗೆ ಎಲ್ಲ ಸೇರಿದ ಎಂಆರ್‌ಪಿ, ತಯಾರಿಸಿದ ತಿಂಗಳು ವರ್ಷ, ದೂರು ಹೇಳ್ಲಿಕ್ಕೆ ಫೋನ್ ನಂಬರ್. ಗ್ರಾಂ ಲೆಕ್ಕದ ಬೆಲೆಯೂ ಬೇಕು, 250 ಗ್ರಾಂ ಬಾಟಲಿಗೆ 150 ರೂಪಾಯಿ ಆದ್ರೆ ಗ್ರಾಂಗೆ 60 ಪೈಸೆ ಅಂತ ಹಾಕ್ಬೇಕು. ಮತ್ತೆ ರೇಟ್ ಜಾಸ್ತಿ ಆಯ್ತು ಅಂತ ಹಳೇ ಎಂಆರ್‌ಪಿ ಮೇಲೆ ಹೊಸ ಸ್ಟಿಕ್ಕರ್ ಅಂಟಿಸುದು ಖಂಡಿತ ಬೇಡ. ಬೆಲೆ ಇಳಿಸಿದ್ರೆ ಸ್ಟಿಕ್ಕರ್ ಹಾಕ್ಬಹುದು, ಆಗ್ಲೂ ಹಳೇ ಬೆಲೆ ಮುಚ್ಚಿ ಹೋಗ್ಬಾರ್ದು.

ಆಹಾರ ಸುರಕ್ಷತೆಯವರು ನೋಡುದು ಬೇರೆ: ಯಾವುದು ಹೆಚ್ಚು ಹಾಕಿದ್ದೀರೋ ಅದು ಮೊದ್ಲು ಬರುವ ಹಾಗೆ ಸಾಮಾನಿನ ಪಟ್ಟಿ, ಬ್ಯಾಚ್ ನಂಬರ್, ಎಷ್ಟು ದಿನದ ಒಳಗೆ ತಿನ್ಬೇಕು, ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ತ್ರಿಕೋನ. ಸಿಗಡಿ, ಮೀನು, ನೆಲಗಡಲೆ, ಗೇರುಬೀಜ, ಹಾಲು, ಗೋಧಿ ಇದ್ರೆ ಅಲರ್ಜಿಯ ಸೂಚನೆಯೂ ಬೇಕು. ಒಂದೇ ಮಿಕ್ಸಿಯಲ್ಲಿ ಸಿಗಡಿ ಚಟ್ನಿಯನ್ನೂ ಬೇರೆ ಪುಡಿಯನ್ನೂ ರುಬ್ಬುವವರು ಅದನ್ನೂ ಬರೀರಿ ಮಾರಾಯ್ರೆ, ಅಲರ್ಜಿ ಇರುವವರಿಗೆ ಅದು ಜೀವದ ಪ್ರಶ್ನೆ. ಲೇಬಲ್ ತಪ್ಪಿದ ಮಾಲಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷದವರೆಗೆ ದಂಡ ಉಂಟು.

ನನಗೆ ಹೆಚ್ಚು ಹೆದರಿಕೆ ಆಗುದು ನಾವು ಸ್ಟೇಟಸಲ್ಲಿ ಖುಷಿಯಿಂದ ಬರೆಯುವ ಮಾತುಗಳದ್ದು. ಪುನರ್ಪುಳಿ ಕುಡಿದ್ರೆ ಶುಗರ್ ಕಮ್ಮಿ ಆಗ್ತದೆ, ಬಿಪಿ ಇಳೀತದೆ ಅಂತ ಹಾಕ್ತೇವಲ್ಲ, ತಿನ್ನುವ ವಸ್ತು ಕಾಯಿಲೆ ಗುಣ ಮಾಡ್ತದೆ ಅಂತ ಹೇಳ್ಲಿಕ್ಕೇ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕ್ಬಹುದು, ಮತ್ತೆ ಅದೇ ತಪ್ಪು ಮಾಡಿದ್ರೆ 50 ಲಕ್ಷ. ದೊಡ್ಡ ಕಂಪನಿಗಳಿಗೂ ಇದೇ ಪಾಡು, 2024ರಲ್ಲಿ ಜ್ಯೂಸ್ ಪ್ಯಾಕೆಟಿಂದ ನೂರಕ್ಕೆ ನೂರು ಹಣ್ಣಿನ ರಸ ಅನ್ನುವ ಮಾತು ತೆಗೆಯಿರಿ ಅಂತ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತ್ತು. ಹಾಳಾಗದ ಹಾಗೆ ಬೆಂಜೋಯೇಟ್ ಪುಡಿ ಹಾಕಿ ನೋ ಪ್ರಿಸರ್ವೇಟಿವ್ ಅಂತ ಬರೆಯುದು, ಯಾವುದೋ ಬದನೆ ಹಾಕಿ ಮಟ್ಟು ಗುಳ್ಳ ಅಂತ ಬರೆಯುದು, ಇದೆಲ್ಲ ಅದೇ ಜಾತಿ. ಮಟ್ಟು ಗುಳ್ಳಕ್ಕೂ ಬ್ಯಾಡಗಿ ಮೆಣಸಿಗೂ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆಯ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ) ಉಂಟು, ಆ ಹೆಸರು ಅದನ್ನು ಬೆಳೆಯುವವರ ಸೊತ್ತು. ತೆಂಗಿನೆಣ್ಣೆ ಮಾರುವವರು ಕೂದಲಿಗೆ ಹಚ್ಚುವ ಎಣ್ಣೆ ಅಂತ ಬರೆದ್ರೆ ಅದು ಕಾಸ್ಮೆಟಿಕ್ ಆಗ್ತದೆ, ಅದರ ಲೈಸೆನ್ಸೇ ಬೇರೆ.

ನಿಮ್ಮ ಬ್ರಾಂಡ್ ಹೆಸರು ಬೇರೆ ಯಾರದ್ದಾದ್ರೂ ಉಂಟಾ ಅಂತ ಟ್ರೇಡ್‌ಮಾರ್ಕ್ ಸೈಟಲ್ಲಿ ಹುಡುಕಿ ಮತ್ತೆ ಲೇಬಲ್ ಪ್ರಿಂಟಿಗೆ ಕೊಡಿ.

ಆಹಾರ ಸುರಕ್ಷತೆಯ ಆಫೀಸರ್ ಬಂದು ಸ್ಯಾಂಪಲ್ ತಗೊಂಡ್ರೆ ಗಾಬರಿ ಬೇಡ. ಅದನ್ನು ನಾಲ್ಕು ಭಾಗ ಮಾಡ್ತಾರೆ, ಒಂದು ಭಾಗ ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಅಂತ ಅಲ್ಲೇ ಕೇಳುವ ಹಕ್ಕು ನಿಮಗುಂಟು, ಕೇಳಿ. ರಿಪೋರ್ಟ್ ನಿಮ್ಮ ವಿರುದ್ಧ ಬಂದ್ರೆ 30 ದಿನದ ಒಳಗೆ ಮೇಲ್ಮನವಿ ಹಾಕ್ಬಹುದು. ಲ್ಯಾಬ್ ಯಾವುದು ಅನ್ನುದು ಸಣ್ಣ ವಿಷಯ ಅಲ್ಲ, 2015ರಲ್ಲಿ ಮ್ಯಾಗಿ ಮೇಲಿನ ನಿಷೇಧವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿದಾಗ ಕೊಟ್ಟ ಕಾರಣದಲ್ಲಿ ಲ್ಯಾಬಿಗೆ ಮಾನ್ಯತೆ ಇರ್ಲಿಲ್ಲ ಅನ್ನುದೂ ಒಂದು.

ಅದಕ್ಕೆ ಒಂದು ನೋಟ್ ಪುಸ್ತಕ ಇಡಿ. ಯಾವ ದಿನ ಮಾಡಿದ್ದು, ಮೆಣಸು ಎಣ್ಣೆ ಎಲ್ಲಿಂದ ತಂದದ್ದು, ಯಾವ ಬ್ಯಾಚ್ ಯಾರಿಗೆ ಹೋದದ್ದು, ಬಿಲ್ಲೂ ಜೊತೆಗೆ ಪಿನ್ ಮಾಡಿ. ಬೂಷ್ಟು ಬಂತು ಅಂತ ಒಬ್ರು ಫೋನ್ ಮಾಡಿದ್ರೆ ಆ ಬ್ಯಾಚ್ ತಗೊಂಡವರಿಗೆಲ್ಲ ಅದೇ ದಿನ ಹೇಳಿ ವಾಪಸ್ ತರ್ಸಿ. ನಮ್ಮ ಅತ್ತಿಗೆ ಹಾಗೆ ಒಂದು ಸಲ ಹದಿನಾರು ಬಾಟಲಿ ವಾಪಸ್ ತರ್ಸಿದ್ರು, ಒಬ್ರೂ ಜಗಳ ಮಾಡ್ಲಿಲ್ಲ, ಅರ್ಧಕ್ಕರ್ಧ ಜನ ಮತ್ತೆ ಆರ್ಡರ್ ಕೊಟ್ರು.

ಆದ್ರೂ ಕೇಸ್ ಆಗ್ಬಹುದು. 2019ರ ಗ್ರಾಹಕ ಕಾಯ್ದೆಯಲ್ಲಿ ಗಿರಾಕಿ ತಾನು ಇರುವ ಊರಲ್ಲೇ ದೂರು ಹಾಕ್ಬಹುದು, ಹಾಗಾಗಿ ನಿಮ್ಮ ಹಪ್ಪಳದ ಕೇಸ್ ಮುಂಬಯಿಯಲ್ಲಿ ನಡೀಬಹುದು. ಗ್ರಾಹಕ ಆಯೋಗದ ನೋಟಿಸ್ ಬಂದ್ರೆ ಕಪಾಟಿನ ಮೇಲೆ ಇಟ್ಟು ಮರೀಬೇಡಿ. ಉತ್ತರ ಕೊಡ್ಲಿಕ್ಕೆ 30 ದಿನ, ಕೇಳಿದ್ರೆ ಹೆಚ್ಚಂದ್ರೆ ಇನ್ನು 15, ಆಮೇಲೆ ನಿಮ್ಮ ಲಿಖಿತ ಉತ್ತರ ತಗೊಳ್ಳುದಿಲ್ಲ, ಸುಪ್ರೀಂ ಕೋರ್ಟೇ 2020ರಲ್ಲಿ ಹಾಗೆ ಹೇಳಿ ಆಗಿದೆ. ನೋಟಿಸ್ ಕೈಗೆ ಬಂದ ತಾರೀಕು ಲಕೋಟೆ ಮೇಲೆ ಬರೆದು, ಅದನ್ನೂ ಆ ನೋಟ್ ಪುಸ್ತಕವನ್ನೂ ಒಂದು ಲೇಬಲನ್ನೂ ಹಿಡ್ಕೊಂಡು ಅದೇ ವಾರ ವಕೀಲರ ಹತ್ರ ಹೋಗಿ.