ಮೋಹೇರ್ ಕರಡಿ: ಮೊದಲು ಕಾಗದದ ಮೇಲೆ, ಆಮೇಲೆ ಬಟ್ಟೆಯ ಮೇಲೆ

ಮೋಹೇರ್ ಎಂದರೆ ಅಂಗೋರಾ ಮೇಕೆಯ ಕೂದಲು. ಅಂಗೋರಾ ಎಂಬ ಹೆಸರಿನ ಮೊಲವೂ ಇರುವುದರಿಂದ ಅನೇಕರು ಇವೆರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಮೊಲದಿಂದ ಬರುವ ಉಣ್ಣೆ ಬೇರೆ, ಅದರಿಂದ ಕರಡಿ ಗೊಂಬೆಯ, ಅಂದರೆ ಟೆಡ್ಡಿ ಬೇರ್‌ನ ಬಟ್ಟೆಯನ್ನು ನೇಯುವುದಿಲ್ಲ. ಟರ್ಕಿಯ ಅಂಕಾರಾ ನಗರದ ಹಳೆಯ ಹೆಸರು ಈ ಮೇಕೆಗೆ ಅಂಟಿಕೊಂಡಿದೆಯಾದರೂ ಇಂದು ಜಗತ್ತಿಗೆ ಅತಿ ಹೆಚ್ಚು ಮೋಹೇರ್ ಒದಗಿಸುವ ದೇಶ ದಕ್ಷಿಣ ಆಫ್ರಿಕಾ. ಕರಡಿ ಗೊಂಬೆಗೆ ಬೇಕಾಗುವುದು ಸ್ವೆಟರ್ ಹೆಣೆಯುವ ಮೋಹೇರ್ ನೂಲಲ್ಲ, ಹತ್ತಿಯ ನೇಯ್ಗೆಯ ಮೇಲೆ ಮೋಹೇರ್ ರೋಮವನ್ನು ವೆಲ್ವೆಟ್ಟಿನಂತೆ ನಿಲ್ಲಿಸಿ ನೇಯ್ದ ಬಟ್ಟೆ. ಮೈಸೂರಿನ ಅಂಗಡಿಗಳಲ್ಲಿ ಫರ್ ಬಟ್ಟೆ ಎಂದು ಕೊಡುವುದು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆಗಿದ್ದು, ಅದರ ಬೆನ್ನು ಹೆಣಿಗೆಯದಾದ್ದರಿಂದ ಎಳೆದರೆ ಹಿಗ್ಗುತ್ತದೆ. ಅಂಚಿನಿಂದ ನಾಲ್ಕು ರೋಮ ಕಿತ್ತು ಚಿಮುಟದಲ್ಲಿ ಹಿಡಿದು ಬೆಂಕಿಗೆ ತಾಗಿಸಿದರೆ ಅನುಮಾನ ತೀರುತ್ತದೆ: ಮೋಹೇರ್ ತಲೆಕೂದಲು ಸುಟ್ಟ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೋಹೇರ್ ಬಟ್ಟೆಯನ್ನು ಹೊರದೇಶದಿಂದ ತರಿಸಿಕೊಳ್ಳಬೇಕಾಗುವುದರಿಂದ ಅದು ದುಬಾರಿ. 30 ಸೆಂ.ಮೀ. ಎತ್ತರದ ಕರಡಿಗೆ 140 ಸೆಂ.ಮೀ. ಅಗಲದ ಬಟ್ಟೆ ಕಾಲು ಮೀಟರ್ ಸಾಕಾಗುತ್ತದೆ; ಆದರೆ ಆ ಕಾಲು ಮೀಟರಿನಲ್ಲಿ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಈ ಕೆಲಸ ಕಲಿಯುವವರು ಮೊದಲ ತಿಂಗಳು ಮೋಹೇರನ್ನು ಮುಟ್ಟಲೇಬಾರದು ಎಂಬುದು ನನ್ನ ಅಭಿಪ್ರಾಯ. ಕರಡಿ ಚೆನ್ನಾಗಿ ಬರುವುದೂ ಕೆಡುವುದೂ ಕಾಗದದ ಮೇಲೆಯೇ ನಿರ್ಧಾರವಾಗುತ್ತದೆ.

ಈ ಗೊಂಬೆಯ ಹಳೆಯ ಆಕಾರವನ್ನು ಒಮ್ಮೆ ಗಮನಿಸಿದರೆ ನಕ್ಷೆ, ಅಂದರೆ ಕತ್ತರಿಸಬೇಕಾದ ತುಂಡುಗಳ ಕಾಗದದ ಮಾದರಿ, ತೆಗೆಯುವುದು ಸುಲಭವಾಗುತ್ತದೆ. ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ ಮಾರ್ಗರೆಟ್ ಸ್ಟೈಫ್ ಅವರ ಕಾರ್ಖಾನೆಗಾಗಿ ಅವರ ಸೋದರನ ಮಗ ರಿಚರ್ಡ್ ಸ್ಟೈಫ್ 1902ರಲ್ಲಿ ಕೈಕಾಲು ಆಡಿಸಬಹುದಾದ ಕರಡಿಯನ್ನು ರೂಪಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಆ ಪ್ರಸಂಗ ವ್ಯಂಗ್ಯಚಿತ್ರವಾಗಿ, ಅವರ ಮುದ್ದಿನ ಹೆಸರಾದ ಟೆಡ್ಡಿ ಗೊಂಬೆಗೆ ಸೇರಿಕೊಂಡಿತು. ಆ ಕಾಲದ ಕರಡಿಗಳಿಗೆ ಮುಂಚಾಚಿದ ಮೂತಿ, ಬೆನ್ನಿನ ಮೇಲ್ಭಾಗದಲ್ಲಿ ಗೂನು, ಮೊಣಕಾಲು ಮುಟ್ಟುವಷ್ಟು ಉದ್ದದ ತೋಳು ಮತ್ತು ದೊಡ್ಡ ಪಾದಗಳಿದ್ದವು. ಇಂದಿನ ಅಂಗಡಿಯ ಗುಂಡು ಮುಖದ ಗೊಂಬೆಗಿಂತ ಈ ಆಕಾರವನ್ನು ಮೊದಲು ಕಲಿಯುವುದು ಒಳ್ಳೆಯದು, ಏಕೆಂದರೆ ಇದರ ಒಂದೊಂದು ತಿರುವೂ ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಕ್ಷೆಯಲ್ಲಿ ಒಟ್ಟು 21 ತುಂಡುಗಳು ಬರುತ್ತವೆ: ತಲೆಯ ಪಕ್ಕಗಳು ಎರಡು, ಅವುಗಳ ನಡುವಿನ ಪಟ್ಟಿ ಒಂದು, ಕಿವಿಗೆ ನಾಲ್ಕು, ಮೈಗೆ ಎರಡು, ಹೊರತೋಳು ಎರಡು, ಒಳತೋಳು ಎರಡು, ಅಂಗೈ ಎರಡು, ಕಾಲಿಗೆ ನಾಲ್ಕು, ಅಂಗಾಲು ಎರಡು. ಅಂಗೈ ಮತ್ತು ಅಂಗಾಲುಗಳನ್ನು ಉಣ್ಣೆಯ ಫೆಲ್ಟಿನಲ್ಲಿ ಕತ್ತರಿಸುವುದರಿಂದ ಮೋಹೇರಿನಲ್ಲಿ ಉಳಿಯುವುದು 17. ಹೊಸಬರು ಸಾಮಾನ್ಯವಾಗಿ ಎಡವುವುದು ಚಪ್ಪಟೆ ತುಂಡು ಉರುಟಾಗುವಾಗ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕದಲ್ಲಿ. ಹೊಲಿಗೆಯಿಂದ ಹೊಲಿಗೆಗೆ 5 ಸೆಂ.ಮೀ. ಅಗಲವಿರುವ ಎರಡು ತುಂಡುಗಳನ್ನು ಸೇರಿಸಿದರೆ ಸುತ್ತಳತೆ 10 ಸೆಂ.ಮೀ. ಆಗುತ್ತದೆ, ಅದನ್ನು ತುಂಬಿದಾಗ ತೋಳಿನ ದಪ್ಪ 3 ಸೆಂ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಕಾಗದದಲ್ಲಿ ದಷ್ಟಪುಷ್ಟವಾಗಿ ಕಂಡ ತೋಳು ಗೊಂಬೆಯಲ್ಲಿ ನುಗ್ಗೆಕಾಯಿಯಂತೆ ಕಾಣುವುದು ಇದೇ ಕಾರಣಕ್ಕೆ. ಬೇಕಾದ ದಪ್ಪವನ್ನು ಒಂದೂವರೆಯಿಂದ ಗುಣಿಸಿ, ಅದಕ್ಕೆ ಒಂದಿಷ್ಟು ಸೇರಿಸಿ ಕಾಗದದ ಅಗಲವನ್ನು ನಿರ್ಧರಿಸಿಕೊಳ್ಳಿ.

ತಲೆಯ ನಡುವಿನ ಪಟ್ಟಿಯನ್ನು ಗಸೆಟ್ ಎನ್ನುತ್ತಾರೆ. ರವಿಕೆ ಹೊಲಿದು ರೂಢಿಯಿರುವವರಿಗೆ ಇದರ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಟ್ ಹಾಕಿ ಬಟ್ಟೆಗೆ ಉಬ್ಬು ತರುವಂತೆ ಇಲ್ಲಿ ಪಟ್ಟಿ ಸೇರಿಸಿ ತಲೆಗೆ ಅಗಲ ತರುತ್ತೇವೆ. ಮೂಗಿನ ಬಳಿ ಈ ಪಟ್ಟಿ ಎಷ್ಟು ಕಿರಿದೋ ಮೂತಿ ಅಷ್ಟು ಚೂಪು. ಕಿವಿಗಳ ನಡುವೆ ಎಷ್ಟು ಅಗಲವೋ ಹಣೆ ಅಷ್ಟು ವಿಶಾಲ. ಅಲ್ಲಿಂದ ಕುತ್ತಿಗೆಯವರೆಗೆ ಅದು ಮೆಲ್ಲನೆ ಕಿರಿದಾಗಬೇಕು. ಪಟ್ಟಿಯ ಒಂದು ಅಂಚಿನ ಉದ್ದವೂ ಪಕ್ಕದ ತುಂಡಿನಲ್ಲಿ ಮೂಗಿನ ತುದಿಯಿಂದ ಕುತ್ತಿಗೆಯ ಹಿಂಭಾಗದವರೆಗಿನ ಉದ್ದವೂ ಸಮವಾಗಿರಲೇಬೇಕು. ಬಾಗಿದ ಗೆರೆಯನ್ನು ಸ್ಕೇಲಿನಲ್ಲಿ ಅಳೆಯಲಾಗದು. ದಪ್ಪ ದಾರವೊಂದನ್ನು ಗೆರೆಯ ಮೇಲೆ ಬೆರಳಿನಿಂದ ಒತ್ತುತ್ತ ಕೂರಿಸಿ, ಎರಡೂ ತುದಿಗೆ ಪೆನ್ನಿನಿಂದ ಗುರುತು ಮಾಡಿ, ಆ ದಾರವನ್ನು ಇನ್ನೊಂದು ಗೆರೆಯ ಮೇಲೆ ಇಟ್ಟು ನೋಡಿ. ಅರ್ಧ ಸೆಂ.ಮೀ. ವ್ಯತ್ಯಾಸ ಬಂದರೂ ಹೊಲಿಯುವಾಗ ಹೊಂದಿಸಿಕೊಳ್ಳೋಣ ಎಂದು ಮುಂದೆ ಹೋಗಬೇಡಿ, ಮೂತಿ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ.

ಈ ನಕ್ಷೆಯಂತೆ ಮೊದಲ ಕರಡಿಯನ್ನು ಕೋರಾ ಬಟ್ಟೆಯಲ್ಲಿ ಹೊಲಿದು, ತುಂಬಿ, ಮೇಜಿನ ಮೇಲೆ ಕೂರಿಸಿ ನೋಡಿ. ಗಲ್ಲ ಜೋತು ಬಿದ್ದಿದ್ದರೆ, ಗೂನು ಹೆಚ್ಚಾಗಿದ್ದರೆ ಬಟ್ಟೆಯ ಮೇಲೆಯೇ ಪೆನ್ನಿನಿಂದ ಗೆರೆ ಎಳೆದು, ತಿದ್ದುಪಡಿಯನ್ನು ಕಾಗದಕ್ಕೆ ವರ್ಗಾಯಿಸಿ. ಮೂರು ಕೋರಾ ಕರಡಿಗಳಾದರೂ ಆಗದೆ ನಕ್ಷೆ ಪಕ್ವವಾಗುವುದಿಲ್ಲ. ಪಕ್ವವಾದ ನಕ್ಷೆಯನ್ನು ಹಳೆಯ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿ ಕತ್ತರಿಸಿಟ್ಟುಕೊಳ್ಳಿ.

ಮೋಹೇರಿನ ಸರದಿ ಬಂದಾಗ, ಬೆಕ್ಕಿನ ಬೆನ್ನು ಸವರುವಂತೆ ಬಟ್ಟೆಯನ್ನು ಸವರಿ ರೋಮ ಯಾವ ಕಡೆಗೆ ಮಲಗುತ್ತದೆಂದು ತಿಳಿದುಕೊಂಡು, ಬಟ್ಟೆಯ ಬೆನ್ನಿಗೆ ಆ ದಿಕ್ಕಿನ ಬಾಣ ಹಾಕಿ. ಮೈಯಲ್ಲಿ ರೋಮ ಕೆಳಮುಖವಾಗಿ, ತೋಳಿನಲ್ಲಿ ಅಂಗೈ ಕಡೆಗೆ, ಗಸೆಟ್ಟಿನಲ್ಲಿ ಮೂಗಿನಿಂದ ಹಿಂದಕ್ಕೆ ಹೋಗುವಂತೆ ರಟ್ಟುಗಳನ್ನು ಇಡಿ. ಜೋಡಿ ತುಂಡುಗಳಲ್ಲಿ ಒಂದನ್ನು ಬರೆದ ಮೇಲೆ ರಟ್ಟನ್ನು ಮಗುಚಿ ಇನ್ನೊಂದನ್ನು ಬರೆಯಬೇಕು. ನನ್ನ ಮೊದಲ ಮೋಹೇರ್ ಕರಡಿಗೆ ನಾನು ರಟ್ಟನ್ನು ಮಗುಚದೆ ಎರಡೂ ಎಡಗೈಗಳನ್ನೇ ಕತ್ತರಿಸಿದ್ದೆ. ಅವು ಈಗಲೂ ನನ್ನ ಹೊಲಿಗೆ ಡಬ್ಬದಲ್ಲಿವೆ. ಎಲ್ಲ 17 ತುಂಡುಗಳನ್ನೂ ಬರೆದು, ಜೋಡಿಗಳನ್ನು ಎಣಿಸಿ, ಆಮೇಲೆ ಕತ್ತರಿ ಹಿಡಿಯಿರಿ. ದೊಡ್ಡ ದರ್ಜಿ ಕತ್ತರಿ ಇಲ್ಲಿ ಬೇಡ. ಚೂಪು ಮೊನೆಯ ಸಣ್ಣ ಕತ್ತರಿಯ ಕೆಳಗಿನ ಅಲಗನ್ನು ರೋಮದ ಬುಡದಲ್ಲಿ, ಬಟ್ಟೆಗೆ ತಾಗಿದಂತೆ ಜಾರಿಸಿ, ಬೆನ್ನಿನ ನೇಯ್ಗೆಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು. ರೋಮ ಕತ್ತರಿಸಿಹೋದರೆ ಹೊಲಿಗೆಯ ಉದ್ದಕ್ಕೂ ಬೋಳು ಗೆರೆ ಕಾಣುತ್ತದೆ.

ಹೊಲಿಗೆಯ ಗೆರೆಯ ಹೊರಗೆ ಬಿಡುವ ಮಾರ್ಜಿನ್ 5 ಮಿ.ಮೀ. ಸಾಕು. ಆ ಮಾರ್ಜಿನ್ನಿನೊಳಗಿನ ರೋಮವನ್ನು ಮಾತ್ರ ಗಿಡ್ಡವಾಗಿ ಕತ್ತರಿಸಿ, ಉಳಿದ ರೋಮವನ್ನು ಸೂಜಿಯಿಂದ ಒಳಕ್ಕೆ ತಳ್ಳುತ್ತ ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಗಟ್ಟಿ ಪಾಲಿಯೆಸ್ಟರ್ ದಾರದಲ್ಲಿ ಒತ್ತೊತ್ತಾಗಿ ಬ್ಯಾಕ್ ಸ್ಟಿಚ್ ಹಾಕಿ. ಮಿಷಿನ್ ಬಳಸಬಹುದು, ಆದರೆ ತಲೆ ಮತ್ತು ಅಂಗಾಲುಗಳನ್ನು ಕೈಯಲ್ಲೇ ಹೊಲಿಯುವುದು ಕ್ಷೇಮ. ಗಸೆಟ್ ಸೇರಿಸುವಾಗ ಯಾವಾಗಲೂ ಮೂಗಿನ ನಡುವಿನಿಂದ ಆರಂಭಿಸಿ ಒಂದು ಪಕ್ಕ ಕುತ್ತಿಗೆಯವರೆಗೆ ಹೋಗಿ, ಮತ್ತೆ ಮೂಗಿಗೆ ಬಂದು ಇನ್ನೊಂದು ಪಕ್ಕ ಹೊಲಿಯಬೇಕು. ತಲೆಯನ್ನು ಕುತ್ತಿಗೆಯ ಬಳಿ, ಮೈಯನ್ನು ಬೆನ್ನಿನಲ್ಲಿ ಸುಮಾರು 6 ಸೆಂ.ಮೀ., ಕೈಕಾಲುಗಳನ್ನು ಹಿಂಬದಿಯಲ್ಲಿ 4 ಸೆಂ.ಮೀ. ತೆರೆದು ಬಿಡಿ.

ಕೀಲುಗಳು ಐದು: ಕುತ್ತಿಗೆ, ಎರಡು ತೋಳು, ಎರಡು ಕಾಲು. ಪ್ರತಿ ಕೀಲಿಗೆ ಹಾರ್ಡ್‌ಬೋರ್ಡಿನ ಎರಡು ಬಿಲ್ಲೆ, ಎರಡು ವಾಷರ್, ಒಂದು ಕಾಟರ್ ಪಿನ್ (ಎರಡು ಕಾಲುಗಳಿರುವ, ಬಗ್ಗಿಸಬಹುದಾದ ಲೋಹದ ಪಿನ್ನು) ಬೇಕು. ಪಿನ್ನು ಮತ್ತು ವಾಷರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ. ಬಿಲ್ಲೆಗಳನ್ನು ಮರಗೆಲಸದವರಿಂದ 3ರಿಂದ 4 ಸೆಂ.ಮೀ. ಅಗಲಕ್ಕೆ ಕೊಯ್ಯಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿಕೊಳ್ಳಿ. ಒಳತೋಳಿನ ಗುರುತಿನಲ್ಲಿ ದಬ್ಬಣದಿಂದ ರಂಧ್ರ ಮಾಡಿ; ಕತ್ತರಿಯಿಂದ ಸೀಳಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ದಬ್ಬಣವಾದರೆ ಎಳೆಗಳನ್ನು ಸರಿಸಿ ದಾರಿ ಮಾಡುತ್ತದೆ. ತೋಳಿನೊಳಗಿನಿಂದ ವಾಷರ್ ಮತ್ತು ಬಿಲ್ಲೆ ಪೋಣಿಸಿದ ಪಿನ್ನನ್ನು ಹೊರಕ್ಕೆ ತಂದು, ಮೈಯ ಬಟ್ಟೆಯ ಮೂಲಕ ಒಳಕ್ಕೆ ದಾಟಿಸಿ, ಅಲ್ಲಿ ಇನ್ನೊಂದು ಬಿಲ್ಲೆ, ವಾಷರ್ ಹಾಕಿ, ಪಿನ್ನಿನ ಎರಡು ಕಾಲುಗಳನ್ನು ನೋಸ್ ಪ್ಲೈಯರಿನಿಂದ ಮೇಲಕ್ಕೆ ಎಳೆದು ಎರಡು ಕಡೆಗೂ ಸುರುಳಿ ಸುತ್ತಬೇಕು. ತೋಳು ತಿರುಗಿಸಲು ಕಷ್ಟವಾಗುವಷ್ಟು ಬಿಗಿಯಿರಲಿ. ಮೈ ತುಂಬಿದ ಮೇಲೆ, ನಾಲ್ಕು ಕೈ ಬದಲಾದ ಮೇಲೆ ಅದು ತಾನಾಗಿ ಸಡಿಲವಾಗುತ್ತದೆ. ತಲೆಯನ್ನು ಮಾತ್ರ ಮೊದಲೇ ತುಂಬಿ, ಕುತ್ತಿಗೆಯ ಅಂಚನ್ನು ಬಿಲ್ಲೆಯ ಸುತ್ತ ಗಟ್ಟಿ ದಾರದಿಂದ ನೆರಿಗೆ ಹಿಡಿದು ಬಿಗಿದು, ಆಮೇಲೆ ಮೈಗೆ ಕೂಡಿಸಬೇಕು.

ಹಳೆಯ ಜರ್ಮನ್ ಕರಡಿಗಳಿಗೆ ವುಡ್ ವುಲ್ ಎಂಬ ತೆಳು ಮರದೆಳೆಯನ್ನು ತುಂಬುತ್ತಿದ್ದರು. ಸಾಮಿಲ್ಲಿನ ಹೊಟ್ಟು ಅದಕ್ಕೆ ಬದಲಿಯಲ್ಲ. ಮುಂದೆ ಕಪೋಕ್ ಬಳಕೆಗೆ ಬಂತು, ಅದು ನಮ್ಮ ದಿಂಬುಗಳಿಗೆ ತುಂಬುವ ಬೂರುಗದ ಹತ್ತಿಯ ಹತ್ತಿರದ ನೆಂಟ. ಬೂರುಗದ ಹತ್ತಿ ಹಗುರ ಮತ್ತು ಮೆತ್ತನೆ, ಮೈಗೆ ಚೆನ್ನಾಗಿ ಒಪ್ಪುತ್ತದೆ, ಮೂತಿಗೆ ಸಾಲದು. ಸಾಮಾನ್ಯ ಹತ್ತಿ ಗಂಟುಗಟ್ಟುತ್ತದೆ, ಆಷಾಢದ ಜಡಿಮಳೆಯ ದಿನಗಳಲ್ಲಿ ತೇವ ಹೀರುತ್ತದೆ. ಹೊಸಬರಿಗೆ ಪಾಲಿಯೆಸ್ಟರ್ ಫೈಬರ್ ಸಾಕು. ಮೂತಿಯಲ್ಲಿ ಅಡಕೆ ಗಾತ್ರದ ಉಂಡೆಗಳನ್ನು ಒಂದೊಂದಾಗಿ ಮರದ ಸಟ್ಟುಗದ ಹಿಡಿಯಿಂದ ಒತ್ತುತ್ತ, ಹಸಿ ಆಲೂಗಡ್ಡೆಯಷ್ಟು ಗಟ್ಟಿಯಾಗುವವರೆಗೆ ತುಂಬಿ. ಸಡಿಲ ಮೂತಿಯ ಮೇಲೆ ಮೂಗಿನ ಕಸೂತಿ ನಿಲ್ಲುವುದಿಲ್ಲ. ಮಂಡ್ಯದ ಕಡೆ ಒಬ್ಬರು ಕರಡಿಗೆ ಭಾರ ಬರಲೆಂದು ಹೊಟ್ಟೆಗೆ ರಾಗಿ ತುಂಬಿದ್ದನ್ನು ನೋಡಿದ್ದೇನೆ. ಮಳೆಗಾಲ ಮುಗಿಯುವುದರೊಳಗೆ ಹುಳು ಹೊರಬಂದಿತ್ತು. ಭಾರ ಬೇಕಿದ್ದರೆ ಗಾಜಿನ ಸಣ್ಣ ಮಣಿಗಳನ್ನು ಬಟ್ಟೆಯ ಚೀಲದಲ್ಲಿ ಹೊಲಿದು ಒಳಗಿಡಿ. ತುಂಬಿದ ಮೇಲೆ ತೆರೆದ ಬಾಯಿಗಳನ್ನು, ಎರಡೂ ಅಂಚಿನ ಒಳಮಡಿಕೆಯಲ್ಲಿ ಸೂಜಿಯನ್ನು ಏಣಿಯ ಮೆಟ್ಟಿಲಿನಂತೆ ದಾಟಿಸುತ್ತ, ಹೊಲಿಗೆ ಕಾಣದಂತೆ ಮುಚ್ಚಿ.

ಇನ್ನು ಮುಖ. ಎರಡು ಕಪ್ಪು ಗುಂಡುಪಿನ್ನುಗಳನ್ನು ಗಸೆಟ್ಟಿನ ಹೊಲಿಗೆಯ ಮೇಲೆ ಚುಚ್ಚಿ, ಫೋನಿನಲ್ಲಿ ಚಿತ್ರ ತೆಗೆದು ನೋಡಿ. ಪಿನ್ನನ್ನು ಅರ್ಧ ಸೆಂ.ಮೀ. ಕೆಳಗಿಳಿಸಿ ಮತ್ತೊಂದು ಚಿತ್ರ ತೆಗೆಯಿರಿ. ಕಣ್ಣು ಕೆಳಗೆ ಮತ್ತು ದೂರದೂರವಿದ್ದರೆ ಮರಿಯ ಮುಖ, ಮೇಲೆ ಮತ್ತು ಹತ್ತಿರವಿದ್ದರೆ ಲೆಕ್ಕ ಕೇಳುವ ಹಿರಿಯರ ಮುಖ. ಪಿನ್ನುಗಳನ್ನು ಹಾಗೆಯೇ ಬಿಟ್ಟು ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ ತೀರ್ಮಾನಿಸಿ. 30 ಸೆಂ.ಮೀ. ಕರಡಿಗೆ 8ರಿಂದ 10 ಮಿ.ಮೀ. ಗಾಜಿನ ಕಣ್ಣು ಸರಿ. ಹಿಂಬದಿಯ ತಂತಿಯ ಕುಣಿಕೆಗೆ ಮೇಣ ಸವರಿದ ಗಟ್ಟಿ ದಾರ ಕಟ್ಟಿ, 15 ಸೆಂ.ಮೀ. ಉದ್ದದ ಸೂಜಿಯಿಂದ ಕಿವಿಯ ಹಿಂಭಾಗದಲ್ಲಿ ಹೊರತಂದು ಎಳೆದಾಗ ಕಣ್ಣು ಗುಳಿಯೊಳಗೆ ಕೂರುತ್ತದೆ. ಆ ಕ್ಷಣದಲ್ಲಿ ಬಟ್ಟೆ ಮುಖವಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಮೂಗಿಗೆ ಮೊದಲು ಆ ಜಾಗದ ರೋಮ ಕತ್ತರಿಸಿ, ಫೆಲ್ಟಿನ ತುಂಡೊಂದನ್ನು ಇಟ್ಟು, ಅದು ಮುಚ್ಚಿಹೋಗುವಂತೆ ದಪ್ಪ ಕಸೂತಿ ದಾರದ ನೇರ ಎಳೆಗಳನ್ನು ನಡುವಿನಿಂದ ಎರಡು ಪಕ್ಕಕ್ಕೂ ತುಂಬಿ. ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡುವ ಗೊಂಬೆಗೆ ಗಾಜಿನ ಕಣ್ಣು, ಪಿನ್ನು, ಮಣಿ ಯಾವುದೂ ಬೇಡ; ಕಣ್ಣನ್ನು ಕಸೂತಿಯಲ್ಲೇ ಮಾಡಿ.

ಕೈ ಪಳಗಿದ ಮೇಲೆ ಯುರೋಪಿನ ಕರಡಿಯನ್ನು ಬಿಟ್ಟು ನಮ್ಮ ಕಾಡಿನ ಕರಡಿಯನ್ನು ಹೊಲಿದು ನೋಡಬೇಕು. ಮಂಗಳವಾರ ಬಿಟ್ಟು ಬೇರೆ ದಿನ ಮೈಸೂರು ಮೃಗಾಲಯಕ್ಕೆ ಹೋಗಿ, ಪುಸ್ತಕ ಪೆನ್ಸಿಲ್ ಹಿಡಿದು ಕರಡಿಯ ಆವರಣದ ಎದುರು ಒಂದು ಗಂಟೆ ನಿಲ್ಲಿ. ಗೆದ್ದಲು ಹೀರಿ ತಿನ್ನುವ ಪ್ರಾಣಿಯಾದ್ದರಿಂದ ಮೂತಿ ಉದ್ದ, ಅದರ ಮೇಲೆ ಗಿಡ್ಡನೆಯ ತಿಳಿ ಬಣ್ಣದ ಕೂದಲು; ಕುತ್ತಿಗೆ ಮತ್ತು ಭುಜದಲ್ಲಿ ಕಪ್ಪು ಜೂಲು; ಕಿವಿಯಂಚಿನಲ್ಲಿಯೂ ಜೋಲುವ ಕೂದಲು; ಎದೆಯ ಮೇಲೆ ಬಿಳಿಚು ಕುದುರೆಲಾಳದ ಗುರುತು; ತಿಳಿ ಬಣ್ಣದ ಉದ್ದ ಉಗುರು. ನಕ್ಷೆಯಲ್ಲಿ ಇದರ ಅರ್ಥವೆಂದರೆ ಮೂತಿಯನ್ನು ಬೇರೆಯದೇ ತುಂಡಾಗಿ 6 ಮಿ.ಮೀ. ರೋಮದ ತಿಳಿ ಬಣ್ಣದ ಮೋಹೇರಿನಲ್ಲಿ ಕತ್ತರಿಸಿ, 25 ಮಿ.ಮೀ. ರೋಮದ ಕಪ್ಪು ಬಟ್ಟೆಯ ತಲೆಗೆ ಕಣ್ಣಿನ ಮುಂಭಾಗದಲ್ಲಿ ಸೇರಿಸಬೇಕು. ಎದೆಯ ಗುರುತನ್ನು ಮೇಲಿನಿಂದ ಅಂಟಿಸಿದರೆ ಬಿಲ್ಲೆಯಂತೆ ಕಾಣುತ್ತದೆ. ಮೈಯ ತುಂಡಿನಲ್ಲಿಯೇ ಆ ಆಕಾರ ಕತ್ತರಿಸಿ ತೆಗೆದು ತಿಳಿ ಬಟ್ಟೆಯನ್ನು ಒಳಕ್ಕೆ ಕೂಡಿಸಬೇಕು. ಕಪ್ಪು ರೋಮದಲ್ಲಿ ಕಪ್ಪು ಕಣ್ಣು ಮುಳುಗಿಹೋಗುವುದರಿಂದ ಕಂದು ಬಣ್ಣದ ಗಾಜನ್ನು ಆರಿಸಿಕೊಳ್ಳಿ.

ಮುಗಿದ ಗೊಂಬೆಯ ಹೊಲಿಗೆಗಳ ಮೇಲೆ ಸೂಜಿಯ ಮೊನೆಯಾಡಿಸಿ ಸಿಕ್ಕಿಕೊಂಡ ರೋಮವನ್ನು ಹೊರಗೆಳೆದು ಮೆತ್ತನೆಯ ಬ್ರಷ್ಷಿನಿಂದ ಬಾಚಿ. ಮೋಹೇರ್ ಕೂದಲೇ ಆದ್ದರಿಂದ ಉಣ್ಣೆ ತಿನ್ನುವ ನುಸಿ ಅದನ್ನೂ ಬಿಡುವುದಿಲ್ಲ. ದಸರಾ ಗೊಂಬೆಗಳ ಸಾಲಿನಲ್ಲಿ ಕೂರಿಸಿ ಆಮೇಲೆ ಟ್ರಂಕಿಗೆ ಹಾಕಿಡುವವರು, ಗೊಂಬೆಯನ್ನು ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿಸಿದ ಬೇವಿನ ಎಲೆ ಇಟ್ಟು, ಎರಡು ತಿಂಗಳಿಗೊಮ್ಮೆ ಹೊರತೆಗೆದು ನೆರಳಿನ ಗಾಳಿಯಲ್ಲಿ ಕೊಡವಿ, ಹೊಲಿಗೆಯ ಸಂದುಗಳಲ್ಲಿ ಬಿಳಿಯ ಪುಡಿಯೋ ಬಲೆಯೋ ಕಾಣುತ್ತದೆಯೇ ಎಂದು ನೋಡಬೇಕು.