ಬಿಸಿಲಿಗಿಟ್ಟು ಕಳೆದುಕೊಂಡ ಮರ

ನನಗೆ ಸಿಕ್ಕ ಮೊದಲ ದೊಡ್ಡ ಗಿಡದ ಪಳೆಯುಳಿಕೆಯನ್ನು ಹಾಳು ಮಾಡಿದ್ದು ಬಿಸಿಲು. ಬಿಸಿಲಿಗೆ ಇಟ್ಟಿದ್ದು ನಾನೇ.

ಹಳೆಯ ಕಲ್ಲಿದ್ದಲು ಗಣಿಯೊಂದರ ಪಕ್ಕ ಸುರಿದಿದ್ದ ಕಲ್ಲುರಾಶಿಯಲ್ಲಿ ಅದು ಸಿಕ್ಕಿತ್ತು. ಮೊಳಕ್ಕಿಂತ ಉದ್ದದ ಜೇಡಿಕಲ್ಲಿನ ಚಪ್ಪಡಿ, ಮೈತುಂಬ ವಜ್ರದಾಕಾರದ ಗುರುತುಗಳು. ಮಳೆ ಬಂದು ನಿಂತಿತ್ತು, ಕಲ್ಲು ನೀರು ಕುಡಿದಿತ್ತು. ಮನೆಗೆ ತಂದು, ಬ್ರಷ್ ಹಾಕಿ ತಿಕ್ಕಿ ತೊಳೆದು, ಒಣಗಲಿ ಅಂತ ತಾರಸಿಯ ಮೇಲಿಟ್ಟೆ. ಸಂಜೆ ಹೋಗಿ ನೋಡಿದರೆ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಮುಟ್ಟಿದರೆ ಉದುರುತ್ತಿತ್ತು. ಸುಮಾರು 30 ಕೋಟಿ ವರ್ಷ ಉಳಿದಿದ್ದನ್ನು ಅರ್ಧ ದಿನದಲ್ಲಿ ಮುಗಿಸಿದ್ದೆ.

ಈಗ ಒಣಗಿಸುವ ಕೆಲಸಕ್ಕೆ ವಾರಗಟ್ಟಲೆ ಕೊಡುತ್ತೇನೆ. ಜೇಡಿಕಲ್ಲಿನ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಉಬ್ಬಿಕೊಂಡೇ ಇರುತ್ತದೆ. ಆ ಎಳೆದಾಟದಲ್ಲಿ ಕಲ್ಲು ಸೀಳುತ್ತದೆ. ಅದಕ್ಕೆ ಕಲ್ಲನ್ನು ಅಲ್ಲೇ ಒದ್ದೆ ಇದ್ದ ಹಾಗೆ ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ತರುತ್ತೇನೆ. ಮನೆಯಲ್ಲಿ ನೆರಳಿರುವ ಮೂಲೆಯಲ್ಲಿಟ್ಟು, ಚೀಲದ ಬಾಯಿ ಸ್ವಲ್ಪ ಮಾತ್ರ ತೆರೆದಿಡುತ್ತೇನೆ. ಎರಡು ದಿನಕ್ಕೊಮ್ಮೆ ಪೇಪರ್ ಬದಲಾಯಿಸುವುದು, ಅಷ್ಟೇ. ದಪ್ಪ ಚಪ್ಪಡಿಗೆ ತಿಂಗಳೂ ಹಿಡಿಯುತ್ತದೆ. ತೊಳೆಯುವುದನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಒಣಗಿದ ಮೇಲೆ ಮೆತ್ತನೆ ಬ್ರಷ್ ಆಡಿಸಿದರೆ ಸಾಕು. ಎಷ್ಟೋ ಸಲ ಕಪ್ಪಗೆ ಕಾಣುವ ತೆಳು ಪದರವೇ ಗಿಡದ ಉಳಿದ ಇಂಗಾಲ. ಅದನ್ನೇ ತಿಕ್ಕಿ ತೆಗೆದರೆ ಉಳಿಯುವುದು ಬರೀ ಕಲ್ಲು.

ಹುಡುಕುವುದಕ್ಕೆ ದೊಡ್ಡ ಗುಟ್ಟೇನಿಲ್ಲ. ಜಾಗದ ಮಾಲೀಕರ ಒಪ್ಪಿಗೆ ಬೇಕು, ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು, ಕುಸಿಯುವ ಬಂಡೆಯ ಕೆಳಗೆ ನಿಲ್ಲಬಾರದು. ನಾನು ಬೆಳಗ್ಗೆ ಅಥವಾ ಸಂಜೆ ಹೋಗುತ್ತೇನೆ. ನಡುಮಧ್ಯಾಹ್ನದ ಬೆಳಕಲ್ಲಿ ಏನೂ ಕಾಣದ ಕಲ್ಲು, ಓರೆ ಬಿಸಿಲಿನಲ್ಲಿ ತೊಗಟೆಯ ಒಂದೊಂದು ಗೀಟನ್ನೂ ತೋರಿಸುತ್ತದೆ. ಚಪ್ಪಡಿಯನ್ನು ಬಿಡಿಸುವಾಗ ಅಗಲ ಉಳಿಯನ್ನು ಪದರದ ಗೆರೆಗೇ ಇಟ್ಟು, ಸುತ್ತಲೂ ಮೆಲ್ಲಗೆ ತಟ್ಟುತ್ತಾ ಬರಬೇಕು. ಒಂದೇ ಕಡೆ ಜೋರಾಗಿ ಹೊಡೆದರೆ ಅಡ್ಡಡ್ಡ ಮುರಿಯುತ್ತದೆ. ಬಿಡಿಸಿದಾಗ ಎರಡು ಅರ್ಧ ಸಿಗುತ್ತವೆ, ಒಂದು ಉಬ್ಬು, ಒಂದು ತಗ್ಗು. ಚೆನ್ನಾಗಿ ಕಾಣುವುದನ್ನು ಮಾತ್ರ ತಂದು ಇನ್ನೊಂದನ್ನು ಬಿಟ್ಟು ಬರುತ್ತಿದ್ದೆ. ಈಗ ಎರಡನ್ನೂ ತರುತ್ತೇನೆ. ಒಂದರಲ್ಲಿ ಇಲ್ಲದ ವಿವರ ಇನ್ನೊಂದರಲ್ಲಿ ಇರುತ್ತದೆ.

ತೂಕದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 60 ಸೆಂಟಿಮೀಟರ್ ಉದ್ದ, 40 ಅಗಲ, 5 ದಪ್ಪದ ಜೇಡಿಕಲ್ಲು ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಹೊರುವುದಕ್ಕೆ ಆಗದೆ ಬಿಟ್ಟು ಬಂದದ್ದೇ ಜಾಸ್ತಿ. ಒಮ್ಮೆ ನೆಟ್ಟಗೆ ನಿಂತ ಮರಳುಗಲ್ಲಿನ ಕಾಂಡವೇ ಸಿಕ್ಕಿತ್ತು. ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಯಾವ ಪದರದಲ್ಲಿದೆ ಅಂತ ಬರೆದುಕೊಂಡು ಬಂದೆ. ಅದು ಬೆಳೆದ ನೆಲದಲ್ಲೇ ನಿಂತಿದ್ದರೆ, ಕಿತ್ತು ತಂದ ತುಂಡಿಗಿಂತ ಆ ನಿಲುವೇ ಹೆಚ್ಚು ಹೇಳುತ್ತದೆ, ಅಲ್ವಾ?

ಮುರಿದದ್ದನ್ನು ಅಂಟಿಸುವುದಕ್ಕೆ ಮೊದಲು ಮರಗೆಲಸದ ಬಿಳಿ ಅಂಟು ಬಳಸುತ್ತಿದ್ದೆ. ಅದು ಒಮ್ಮೆ ಗಟ್ಟಿಯಾದ ಮೇಲೆ ಬಿಡಿಸುವುದು ಕಷ್ಟ. ತಪ್ಪಾಗಿ ಕೂರಿಸಿದರೆ ತಪ್ಪಾಗಿಯೇ ಉಳಿಯುತ್ತದೆ. ಈಗ ಪ್ಯಾರಲಾಯ್ಡ್ ಬಿ-72 ಎನ್ನುವ ಪ್ಲಾಸ್ಟಿಕ್ ಹರಳುಗಳನ್ನು ಅಸಿಟೋನಿನಲ್ಲಿ ಕರಗಿಸಿಕೊಳ್ಳುತ್ತೇನೆ. ಗಟ್ಟಿಯಾಗಿ ಕಲಸಿದರೆ ಅಂಟು. 100 ಮಿಲಿಗೆ 5 ಗ್ರಾಂ ಹಾಕಿದರೆ, ಉದುರುವ ಮೈಯನ್ನು ಹಿಡಿದಿಡುವ ತೆಳು ದ್ರಾವಣ. ಬೇಡ ಅನ್ನಿಸಿದರೆ ಅಸಿಟೋನ್ ಹಚ್ಚಿ ತೆಗೆಯಬಹುದು. ಕಲ್ಲು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು.

ಇನ್ನೊಂದು ಶತ್ರು ಪೈರೈಟ್. ಹೊಳೆಯುವ ಈ ಕಬ್ಬಿಣ–ಗಂಧಕದ ಖನಿಜ ತೇವದ ಗಾಳಿಗೆ ಕೊಳೆತು ಆಮ್ಲ ಬಿಡುತ್ತದೆ. ಕಲ್ಲಿನ ಮೇಲೆ ಬಿಳಿ ಅಥವಾ ಹಳದಿ ಪುಡಿ, ಗಂಧಕದ ವಾಸನೆ, ಜೊತೆಗಿಟ್ಟ ಹೆಸರಿನ ಚೀಟಿ ಸುಟ್ಟಂತಾಗಿದ್ದು ಕಂಡರೆ ಅದೇ. ಅಂಥವನ್ನು ಬೇರೆ ಮಾಡಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಹೆಸರು ಹುಡುಕುವುದು ಮಾತ್ರ ಬೇರೆಯೇ ಆಟ. ಗಿಡ ಇಡಿಯಾಗಿ ಸಿಗುವುದೇ ಇಲ್ಲ. ಬೇರು ಒಂದು ಕಡೆ, ಕಾಂಡ ಒಂದು ಕಡೆ, ಎಲೆ ಎಲ್ಲೋ. ಒಂದೊಂದು ಭಾಗಕ್ಕೂ ಹಿಂದಿನವರು ಬೇರೆ ಬೇರೆ ಹೆಸರಿಟ್ಟರು, ಒಂದೇ ಮರದ್ದು ಅಂತ ಆಮೇಲೆ ಗೊತ್ತಾಯಿತು. ವಜ್ರದ ಗುರುತುಗಳು ಸುರುಳಿಯಾಗಿ ಸುತ್ತಿದ್ದರೆ ಲೆಪಿಡೊಡೆಂಡ್ರಾನ್. 30 ಮೀಟರಿಗೂ ಎತ್ತರ ಬೆಳೆಯುತ್ತಿದ್ದ ಮರ. ಆ ಗುರುತುಗಳು ಎಲೆ ಕೂತಿದ್ದ ಜಾಗಗಳು, ಆದರೂ ನೋಡಿದವರೆಲ್ಲ ಹಾವಿನ ಚರ್ಮ ಅನ್ನುತ್ತಾರೆ. ಗುರುತುಗಳು ಮೇಲಿಂದ ಕೆಳಗೆ ನೇರ ಸಾಲಿನಲ್ಲಿದ್ದರೆ ಸಿಗಿಲೇರಿಯಾ. ದುಂಡು ಗುಳಿಗಳು ಚೆದುರಿದ್ದರೆ ಸ್ಟಿಗ್ಮೇರಿಯಾ, ಅಂದರೆ ಇಂಥ ಮರಗಳ ಬೇರು.

ಕಬ್ಬಿನ ಹಾಗೆ ಗಿಣ್ಣು, ಉದ್ದುದ್ದ ಗೀರು ಇದ್ದರೆ ಕಲಾಮೈಟಿಸ್. ಗಿಣ್ಣಿನ ಹತ್ತಿರ ಮೇಲಿನ ಗೀರು ಕೆಳಗಿನ ಎರಡು ಗೀರುಗಳ ನಡುವೆ ಬಂದು ಸೇರುತ್ತದೆ, ಅದೇ ಗುರುತು. ಸಾಮಾನ್ಯವಾಗಿ ಸಿಗುವುದು ಕಾಂಡವೂ ಅಲ್ಲ, ಅದರ ಟೊಳ್ಳಿನೊಳಗೆ ಮಣ್ಣು ತುಂಬಿ ಆದ ಅಚ್ಚು. ಇದು ತಿಳಿಯುವ ಮೊದಲು ನಾನು ಅಳೆದ ಕಾಂಡದ ದಪ್ಪವೆಲ್ಲ ತಪ್ಪು.

ನನ್ನನ್ನು ಜಾಸ್ತಿ ಸತಾಯಿಸಿದ್ದು ಉದ್ದನೆಯ ಉಬ್ಬುಗಳು ಮಾತ್ರ ಇದ್ದ ಒಂದು ಕಾಂಡ. ವಜ್ರವೂ ಇಲ್ಲ, ಗಿಣ್ಣೂ ಇಲ್ಲ. ಮೊದಲು ಸಿಗಿಲೇರಿಯಾ ಅಂತ ಬರೆದೆ, ಆಮೇಲೆ ಕಲಾಮೈಟಿಸ್ ಅಂದೆ. ಒಂದು ರಾತ್ರಿ ದೀಪ ಆರಿಸಿ, ಟಾರ್ಚನ್ನು ಕಲ್ಲಿನ ಮೈಗೆ ತಾಗಿಸಿ ಪಕ್ಕದಿಂದ ಹಿಡಿದಾಗ ಅಂಚಿನಲ್ಲಿ ಕಾಸಿನಗಲ ತೊಗಟೆ ಉಳಿದದ್ದು ಕಂಡಿತು. ಅದರ ಮೇಲೆ ಮೂರು ವಜ್ರಗಳಿದ್ದವು. ಉಳಿದ ಕಡೆ ತೊಗಟೆ ಸುಲಿದುಹೋದ ಲೆಪಿಡೊಡೆಂಡ್ರಾನ್ ಅದು. ಹೀಗೆ ಸುಲಿದ ರೂಪಕ್ಕೂ ನೋರಿಯಾ ಅಂತ ಬೇರೆ ಹೆಸರೇ ಇದೆ! ಹಳೆಯ ಚೀಟಿಯನ್ನು ಎಸೆಯಲಿಲ್ಲ. ಎರಡು ಹೆಸರಿಗೂ ಗೀಟು ಹಾಕಿ, ಕೆಳಗೆ ಮೂರನೆಯದನ್ನು ಪೆನ್ಸಿಲಿನಲ್ಲಿ ಬರೆದು ತಾರೀಕು ಹಾಕಿದ್ದೇನೆ.